ಪುರುಷರ ಜೂನಿಯರ್ ಹಾಕಿ ವಿಶ್ವಕಪ್

ಪುರುಷರ ಜೂನಿಯರ್ ಹಾಕಿ ವಿಶ್ವಕಪ್ ಎಂಬುದು ಅಂತರರಾಷ್ಟ್ರೀಯ ಹಾಕಿ ಒಕ್ಕೂಟವು (ಎಫ್‌ಐಎಚ್) ನಡೆಸುವ, 21 ವರ್ಷದೊಳಗಿನ ಪುರುಷರ ರಾಷ್ಟ್ರೀಯ ತಂಡಗಳು ಭಾಗವಹಿಸುವ ಫೀಲ್ಡ್ ಹಾಕಿ ಪಂದ್ಯಾವಳಿಯಾಗಿದೆ. ಇದರ ಮೊದಲ ಆವೃತ್ತಿಯು 1979ರಲ್ಲಿ ಫ್ರಾನ್ಸ್ ದೇಶದ ವರ್ಸೇಲ್ಸ್ ನಗರದಲ್ಲಿ ನಡೆಯಿತು. 2025ರವರೆಗೆ ಒಟ್ಟು 14 ಆವೃತ್ತಿಗಳು ನಡೆದಿದ್ದು, ಜರ್ಮನಿಯು 8 ಬಾರಿ ಪ್ರಶಸ್ತಿ ಗೆದ್ದಿದೆ (ಇದರಲ್ಲಿ ಪಶ್ಚಿಮ ಜರ್ಮನಿಯ ಹೆಸರಿನಲ್ಲಿ ಗೆದ್ದ 3 ಪ್ರಶಸ್ತಿಗಳೂ ಸೇರಿವೆ). ಭಾರತ ಮತ್ತು ಅರ್ಜೆಂಟೀನ ತಲಾ 2 ಬಾರಿ, ಪಾಕಿಸ್ತಾನ ಮತ್ತು ಆಸ್ಟ್ರೇಲಿಯ ತಲಾ 1 ಬಾರಿ ಚಾಂಪಿಯನ್ ಆಗಿವೆ. ಭಾರತವು 2001ರಲ್ಲಿ ಹೋಬಾರ್ಟ್‌ನಲ್ಲಿಯೂ 2016ರಲ್ಲಿ ಲಖನೌದಲ್ಲಿಯೂ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು.

ಹಿರಿಯರ ರಾಷ್ಟ್ರೀಯ ತಂಡಗಳಿಗೆ ಹೊಸ ಆಟಗಾರರನ್ನು ಒದಗಿಸುವ ಪ್ರಮುಖ ವೇದಿಕೆಯೆಂದು ಈ ಪಂದ್ಯಾವಳಿಯನ್ನು ಪರಿಗಣಿಸಲಾಗುತ್ತದೆ. ಮಹಿಳೆಯರ ಜೂನಿಯರ್ ವಿಶ್ವಕಪ್ ಪ್ರತ್ಯೇಕವಾಗಿ ನಡೆಯುತ್ತದೆ. ಅದು ಆರಂಭವಾದದ್ದು 1989ರಲ್ಲಿ.

## ಹಿನ್ನೆಲೆ

ಅಂತರರಾಷ್ಟ್ರೀಯ ಹಾಕಿ ಒಕ್ಕೂಟವು 1924ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಇಂದು ಸ್ವಿಟ್ಜರ್ಲೆಂಡಿನ ಲೂಸಾನ್ ನಗರದಲ್ಲಿದೆ. ಒಲಿಂಪಿಕ್ ಕ್ರೀಡಾಕೂಟವೇ ಬಹುಕಾಲ ಹಾಕಿಯ ಅತ್ಯುನ್ನತ ಸ್ಪರ್ಧೆಯಾಗಿತ್ತು. 1971ರಲ್ಲಿ ಸ್ಪೇನ್‌ನ ಬಾರ್ಸಿಲೋನದಲ್ಲಿ ಪುರುಷರ ಹಾಕಿ ವಿಶ್ವಕಪ್ ಆರಂಭವಾಯಿತು. ಅದಾದ 8 ವರ್ಷಗಳಿಗೆ ಕಿರಿಯರ ವಿಶ್ವಕಪ್ ಮೊದಲ್ಗೊಂಡಿತು.

ಅದು ಹಾಕಿಯ ಸ್ವರೂಪವೇ ಬದಲಾಗುತ್ತಿದ್ದ ಕಾಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಪಂದ್ಯಗಳು ನಡೆದವು. ಹುಲ್ಲಿನ ಮೈದಾನದಲ್ಲಿ ಬೆಳೆದ ಭಾರತ ಆ ಕೂಟದಲ್ಲಿ 7ನೆಯ ಸ್ಥಾನಕ್ಕೆ ಇಳಿಯಿತು. ಕೃತಕ ಹಾಸಿನ ಮೇಲೆ ಚೆಂಡಿನ ವೇಗ ಹೆಚ್ಚುವುದರಿಂದ ಆಟಗಾರರ ದೇಹದಾರ್ಢ್ಯ, ಓಟ ಮತ್ತು ಯೋಜಿತ ಆಟಕ್ಕೆ ಪ್ರಾಮುಖ್ಯ ಹೆಚ್ಚಿತು. ಇಂತಹ ಹಾಸಿನ ಮೇಲೆ ಎಳವೆಯಿಂದಲೇ ಅಭ್ಯಾಸ ಮಾಡುವ ಅವಕಾಶವಿದ್ದ ದೇಶಗಳಿಗೆ ಮುಂದಿನ ದಶಕಗಳಲ್ಲಿ ಅನುಕೂಲವಾಯಿತು.

## ವಯೋಮಿತಿ

ಪಂದ್ಯಾವಳಿಯನ್ನು 21 ವರ್ಷದೊಳಗಿನವರ ಸ್ಪರ್ಧೆಯೆಂದು ಕರೆಯಲಾಗುತ್ತದೆಯಾದರೂ ವಯಸ್ಸನ್ನು ಪಂದ್ಯ ನಡೆಯುವ ದಿನದಂದು ಲೆಕ್ಕ ಹಾಕುವುದಿಲ್ಲ. ಹಿಂದಿನ ವರ್ಷದ ಡಿಸೆಂಬರ್ 31ರಂದು ಆಟಗಾರನಿಗೆ 21 ವರ್ಷ ತುಂಬಿರಬಾರದು ಎಂಬುದು ನಿಯಮ. ಉದಾಹರಣೆಗೆ, 2016ರ ಪಂದ್ಯಾವಳಿಗೆ 1995ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಅರ್ಹರಾಗಿದ್ದರು. ಆದ್ದರಿಂದ ಪಂದ್ಯಾವಳಿಯ ಹೊತ್ತಿಗೆ ಕೆಲವು ಆಟಗಾರರಿಗೆ 21 ತುಂಬಿರುವುದುಂಟು.

ಈ ನಿಯಮದಿಂದಾಗಿ ಹೆಚ್ಚಿನ ಆಟಗಾರರಿಗೆ ಜೂನಿಯರ್ ವಿಶ್ವಕಪ್‌ನಲ್ಲಿ ಆಡುವ ಅವಕಾಶ ಒಂದೇ ಬಾರಿ ದೊರೆಯುತ್ತಿತ್ತು. ಬಹಳ ಚಿಕ್ಕ ವಯಸ್ಸಿನಲ್ಲಿ ಆಯ್ಕೆಯಾದವರಿಗೆ ಮಾತ್ರ ಎರಡನೆಯ ಅವಕಾಶ ಸಿಗುತ್ತಿತ್ತು. 1995ರ ಜನವರಿಯಲ್ಲಿ ಹುಟ್ಟಿದ ಭಾರತದ ಮುಂಪಡೆ ಆಟಗಾರ ಮನ್‌ದೀಪ್ ಸಿಂಗ್ 2013 ಮತ್ತು 2016ರ ಎರಡೂ ಆವೃತ್ತಿಗಳಲ್ಲಿ ಆಡಿದರು. 2021ರ ನಂತರ ಪಂದ್ಯಾವಳಿಯು ಎರಡು ವರ್ಷಗಳಿಗೊಮ್ಮೆ ನಡೆಯುತ್ತಿರುವುದರಿಂದ ಅವಕಾಶಗಳು ಹೆಚ್ಚಿವೆ. ರಕ್ಷಣಾ ಆಟಗಾರ ಶಾರದಾನಂದ ತಿವಾರಿ 2021, 2023 ಮತ್ತು 2025ರ ಮೂರೂ ಆವೃತ್ತಿಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು.

## ಅರ್ಹತೆ

ಆತಿಥೇಯ ರಾಷ್ಟ್ರಕ್ಕೆ ನೇರ ಪ್ರವೇಶವಿರುತ್ತದೆ. ಉಳಿದ ತಂಡಗಳು ಆಯಾ ಖಂಡದ ಕಿರಿಯರ ಚಾಂಪಿಯನ್‌ಷಿಪ್‌ಗಳ ಮೂಲಕ ಅರ್ಹತೆ ಪಡೆಯುತ್ತವೆ. ಏಷ್ಯಾದ ತಂಡಗಳಿಗೆ ಜೂನಿಯರ್ ಏಷ್ಯಾ ಕಪ್ ಅರ್ಹತಾ ಪಂದ್ಯಾವಳಿಯಾಗಿದೆ. ಭಾರತವು 2004, 2008, 2015, 2023 ಮತ್ತು 2024ರಲ್ಲಿ ಜೂನಿಯರ್ ಏಷ್ಯಾ ಕಪ್ ಗೆದ್ದಿದೆ. 2015, 2023 ಹಾಗೂ 2024ರ ಫೈನಲ್‌ಗಳಲ್ಲಿ ಭಾರತದ ಎದುರಾಳಿ ಪಾಕಿಸ್ತಾನವಾಗಿತ್ತು.

ಮಲೇಷ್ಯಾದಲ್ಲಿ 2011ರಲ್ಲಿ ಆರಂಭವಾದ ಸುಲ್ತಾನ್ ಆಫ್ ಜೋಹರ್ ಕಪ್ ಪಂದ್ಯಾವಳಿಯೂ ಇದೇ ವಯೋಮಾನದ ತಂಡಗಳಿಗೆ ಮೀಸಲಾಗಿದೆ. ಅದು ಅರ್ಹತಾ ಪಂದ್ಯಾವಳಿಯಲ್ಲದಿದ್ದರೂ ವಿಶ್ವಕಪ್‌ಗೆ ಮುನ್ನ ತಂಡಗಳು ತಮ್ಮ ಬಲಾಬಲವನ್ನು ಪರೀಕ್ಷಿಸಿಕೊಳ್ಳಲು ನೆರವಾಗುತ್ತದೆ.

## ಪಂದ್ಯಾವಳಿಯ ಸ್ವರೂಪ

ಮೊದಲ ಆವೃತ್ತಿಯಲ್ಲಿ 12 ತಂಡಗಳಿದ್ದವು. ಮುಂದೆ ತಂಡಗಳ ಸಂಖ್ಯೆ 16ಕ್ಕೆ ಏರಿತು. 2009ರಲ್ಲಿ 20 ತಂಡಗಳು ಭಾಗವಹಿಸಿದವು. 2025ರಲ್ಲಿ ಮೊದಲ ಬಾರಿಗೆ 24 ತಂಡಗಳಿಗೆ ಅವಕಾಶ ನೀಡಲಾಯಿತು.

16 ತಂಡಗಳ ಪದ್ಧತಿಯಲ್ಲಿ ನಾಲ್ಕು ಗುಂಪುಗಳಿದ್ದು, ಪ್ರತಿ ಗುಂಪಿನ ಮೊದಲ ಎರಡು ತಂಡಗಳು ಕ್ವಾರ್ಟರ್‌ಫೈನಲ್ ತಲುಪುತ್ತವೆ. 24 ತಂಡಗಳ ಪದ್ಧತಿಯಲ್ಲಿ ಆರು ಗುಂಪುಗಳಿರುತ್ತವೆ. ಆರು ಗುಂಪುಗಳ ಅಗ್ರಸ್ಥಾನಿಗಳೊಂದಿಗೆ ಎರಡನೆಯ ಸ್ಥಾನ ಪಡೆದ ತಂಡಗಳ ಪೈಕಿ ಉತ್ತಮ ಸಾಧನೆ ತೋರಿದ ಎರಡು ತಂಡಗಳು ಮುಂದಿನ ಹಂತಕ್ಕೆ ಹೋಗುತ್ತವೆ. ಹೀಗಾಗಿ ಗುಂಪು ಹಂತದಲ್ಲಿ ಒಂದು ಪಂದ್ಯ ಸೋತರೂ ಅಥವಾ ಡ್ರಾ ಮಾಡಿಕೊಂಡರೂ ತಂಡದ ಸ್ಥಾನ ಅತಂತ್ರವಾಗಬಹುದು. ಕ್ವಾರ್ಟರ್‌ಫೈನಲ್ ತಲುಪದ ತಂಡಗಳು ಕೆಳಗಿನ ಸ್ಥಾನಗಳನ್ನು ನಿರ್ಣಯಿಸುವ ಪಂದ್ಯಗಳನ್ನು ಆಡುತ್ತವೆ.

2016ರ ಆವೃತ್ತಿಯವರೆಗೆ ಪ್ರತಿ ಪಂದ್ಯ ತಲಾ 35 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತಿತ್ತು. 2021ರಿಂದ ತಲಾ 15 ನಿಮಿಷಗಳ ನಾಲ್ಕು ಅವಧಿಗಳ ಪದ್ಧತಿ ಜಾರಿಯಲ್ಲಿದೆ. ನಾಕೌಟ್ ಪಂದ್ಯವು ಸಮಬಲದಲ್ಲಿ ಮುಗಿದರೆ ಶೂಟೌಟ್ ಮೂಲಕ ವಿಜೇತರನ್ನು ನಿರ್ಧರಿಸಲಾಗುತ್ತದೆ. ಹಿಂದೆ ಇದ್ದ ಪೆನಾಲ್ಟಿ ಸ್ಟ್ರೋಕ್‌ಗಳ ಬದಲಿಗೆ ಈಗ ಆಟಗಾರನು 23 ಮೀಟರ್ ರೇಖೆಯಿಂದ ಚೆಂಡಿನೊಂದಿಗೆ ಹೊರಟು, 8 ಸೆಕೆಂಡುಗಳೊಳಗೆ ಗೋಲ್‌ಕೀಪರನನ್ನು ವಂಚಿಸಿ ಗೋಲು ಗಳಿಸಬೇಕು.

## ಆವೃತ್ತಿಗಳು ಮತ್ತು ಫಲಿತಾಂಶಗಳು

| ವರ್ಷ | ಸ್ಥಳ | ಚಾಂಪಿಯನ್ | ರನ್ನರ್‌ಅಪ್ |
|---|---|---|---|
| 1979 | ವರ್ಸೇಲ್ಸ್, ಫ್ರಾನ್ಸ್ | ಪಾಕಿಸ್ತಾನ | ಪಶ್ಚಿಮ ಜರ್ಮನಿ |
| 1982 | ಕ್ವಾಲಾಲಂಪುರ, ಮಲೇಷ್ಯಾ | ಪಶ್ಚಿಮ ಜರ್ಮನಿ | ಆಸ್ಟ್ರೇಲಿಯ |
| 1985 | ವ್ಯಾಂಕೂವರ್, ಕೆನಡಾ | ಪಶ್ಚಿಮ ಜರ್ಮನಿ | ನೆದರ್ಲೆಂಡ್ಸ್ |
| 1989 | ಇಪೊ, ಮಲೇಷ್ಯಾ | ಪಶ್ಚಿಮ ಜರ್ಮನಿ | ಆಸ್ಟ್ರೇಲಿಯ |
| 1993 | ತೆರಾಸ್ಸ, ಸ್ಪೇನ್ | ಜರ್ಮನಿ | ಪಾಕಿಸ್ತಾನ |
| 1997 | ಮಿಲ್ಟನ್ ಕೀನ್ಸ್, ಇಂಗ್ಲೆಂಡ್ | ಆಸ್ಟ್ರೇಲಿಯ | ಭಾರತ |
| 2001 | ಹೋಬಾರ್ಟ್, ಆಸ್ಟ್ರೇಲಿಯ | ಭಾರತ | ಅರ್ಜೆಂಟೀನ |
| 2005 | ರಾಟರ್‌ಡ್ಯಾಮ್, ನೆದರ್ಲೆಂಡ್ಸ್ | ಅರ್ಜೆಂಟೀನ | ಆಸ್ಟ್ರೇಲಿಯ |
| 2009 | ಜೋಹರ್ ಬಹ್ರು, ಮಲೇಷ್ಯಾ ಮತ್ತು ಸಿಂಗಪುರ | ಜರ್ಮನಿ | ನೆದರ್ಲೆಂಡ್ಸ್ |
| 2013 | ನವದೆಹಲಿ, ಭಾರತ | ಜರ್ಮನಿ | ಫ್ರಾನ್ಸ್ |
| 2016 | ಲಖನೌ, ಭಾರತ | ಭಾರತ | ಬೆಲ್ಜಿಯಂ |
| 2021 | ಭುವನೇಶ್ವರ, ಭಾರತ | ಅರ್ಜೆಂಟೀನ | ಜರ್ಮನಿ |
| 2023 | ಕ್ವಾಲಾಲಂಪುರ, ಮಲೇಷ್ಯಾ | ಜರ್ಮನಿ | ಫ್ರಾನ್ಸ್ |
| 2025 | ಚೆನ್ನೈ ಮತ್ತು ಮಧುರೈ, ಭಾರತ | ಜರ್ಮನಿ | ಸ್ಪೇನ್ |

ಭಾರತ ಮತ್ತು ಮಲೇಷ್ಯಾ ತಲಾ ನಾಲ್ಕು ಬಾರಿ ಆತಿಥ್ಯ ವಹಿಸಿವೆ (2009ರಲ್ಲಿ ಮಲೇಷ್ಯಾವು ಸಿಂಗಪುರದೊಂದಿಗೆ ಜಂಟಿಯಾಗಿ). ತವರಿನಲ್ಲಿ ಪ್ರಶಸ್ತಿ ಗೆದ್ದ ಏಕೈಕ ತಂಡ 2016ರ ಭಾರತ. ಅತಿ ಹೆಚ್ಚು ಪ್ರಶಸ್ತಿ ಗೆದ್ದಿರುವ ಜರ್ಮನಿ ಒಮ್ಮೆಯೂ ಆತಿಥ್ಯ ವಹಿಸಿಲ್ಲ. ಹಿರಿಯರ ವಿಶ್ವಕಪ್ಪನ್ನು ಮೂರು ಬಾರಿ ಗೆದ್ದಿರುವ ನೆದರ್ಲೆಂಡ್ಸ್‌ಗೆ ಕಿರಿಯರ ಪ್ರಶಸ್ತಿ ಇದುವರೆಗೆ ದಕ್ಕಿಲ್ಲ.

## ಇತಿಹಾಸ

### ಜರ್ಮನಿಯ ಪ್ರಾಬಲ್ಯ (1979–1993)

ಮೊದಲ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಮಣಿದ ಪಶ್ಚಿಮ ಜರ್ಮನಿಯು ಮುಂದಿನ ಮೂರು ಆವೃತ್ತಿಗಳನ್ನು ಸತತವಾಗಿ ಗೆದ್ದಿತು. ಏಕೀಕರಣದ ನಂತರ 1993ರಲ್ಲಿ ಜರ್ಮನಿಯು ಪಾಕಿಸ್ತಾನವನ್ನು ಸೋಲಿಸಿ ಸತತ ನಾಲ್ಕನೆಯ ಪ್ರಶಸ್ತಿ ಪಡೆಯಿತು. ಇಷ್ಟು ದೀರ್ಘವಾದ ಗೆಲುವಿನ ಸರಣಿಯನ್ನು ಬೇರಾವ ತಂಡವೂ ಸಾಧಿಸಿಲ್ಲ.

### ಹೊಸ ಚಾಂಪಿಯನ್ನರು (1997–2005)

1997ರಲ್ಲಿ ಆಸ್ಟ್ರೇಲಿಯ, 2001ರಲ್ಲಿ ಭಾರತ ಮತ್ತು 2005ರಲ್ಲಿ ಅರ್ಜೆಂಟೀನ ಮೊದಲ ಬಾರಿಗೆ ಪ್ರಶಸ್ತಿ ಗೆದ್ದವು. ಹೋಬಾರ್ಟ್‌ನ ಫೈನಲ್‌ನಲ್ಲಿ ಭಾರತಕ್ಕೆ 1–6 ಗೋಲುಗಳಿಂದ ಸೋತಿದ್ದ ಅರ್ಜೆಂಟೀನ, ನಾಲ್ಕು ವರ್ಷಗಳ ನಂತರ ರಾಟರ್‌ಡ್ಯಾಮ್‌ನಲ್ಲಿ ಆಸ್ಟ್ರೇಲಿಯವನ್ನು 2–1ರಿಂದ ಮಣಿಸಿ ಚಾಂಪಿಯನ್ ಆದುದು ಗಮನಾರ್ಹ.

### ಇತ್ತೀಚಿನ ಆವೃತ್ತಿಗಳು (2009–2025)

2009ರಲ್ಲಿ ನೆದರ್ಲೆಂಡ್ಸ್ ವಿರುದ್ಧ 3–1ರಿಂದಲೂ 2013ರಲ್ಲಿ ಫ್ರಾನ್ಸ್ ವಿರುದ್ಧ 5–2ರಿಂದಲೂ ಗೆದ್ದ ಜರ್ಮನಿ ಮತ್ತೆ ಮುನ್ನೆಲೆಗೆ ಬಂದಿತು. ಫ್ರಾನ್ಸ್ 2013ರಲ್ಲಿ ಮೊದಲ ಬಾರಿಗೆ ಫೈನಲ್ ತಲುಪಿತ್ತು. 2016ರಲ್ಲಿ ಪಾಕಿಸ್ತಾನ ಪಾಲ್ಗೊಳ್ಳಲಿಲ್ಲ. ಭಾಗವಹಿಸುವಿಕೆಯನ್ನು ಖಚಿತಪಡಿಸುವ ಗಡುವು ಮೀರಿತ್ತೆಂದು ಎಫ್‌ಐಎಚ್ ತಿಳಿಸಿದರೆ, ವೀಸಾ ದೊರೆಯದಿರುವುದೇ ಕಾರಣವೆಂದು ಪಾಕಿಸ್ತಾನ ಹೇಳಿತು. ಅದರ ಸ್ಥಾನವನ್ನು ಮಲೇಷ್ಯಾ ತುಂಬಿತು.

2021ರ ಆವೃತ್ತಿಯು ಕೋವಿಡ್ ಸಾಂಕ್ರಾಮಿಕದ ನೆರಳಿನಲ್ಲಿ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ನಡೆಯಿತು. ಸಾಂಕ್ರಾಮಿಕದ ಕಾರಣ ನೀಡಿ ಇಂಗ್ಲೆಂಡ್ ಹಿಂದೆ ಸರಿಯಿತು. ಆಸ್ಟ್ರೇಲಿಯವೂ ಕಣದಲ್ಲಿರಲಿಲ್ಲ. ಫೈನಲ್‌ನಲ್ಲಿ ಲೌತಾರೊ ಡೊಮೆನೆ ಗಳಿಸಿದ ಮೂರು ಗೋಲುಗಳ ನೆರವಿನಿಂದ ಅರ್ಜೆಂಟೀನ 4–2ರಿಂದ ಜರ್ಮನಿಯನ್ನು ಸೋಲಿಸಿತು. 2023ರಲ್ಲಿ ಜರ್ಮನಿ 2–1ರಿಂದ ಫ್ರಾನ್ಸ್ ತಂಡವನ್ನು ಮಣಿಸಿತು.

2025ರ ಪಂದ್ಯಾವಳಿ ತಮಿಳುನಾಡಿನ ಚೆನ್ನೈ ಮತ್ತು ಮಧುರೈ ನಗರಗಳಲ್ಲಿ ನವೆಂಬರ್ 28ರಿಂದ ಡಿಸೆಂಬರ್ 10ರವರೆಗೆ ನಡೆಯಿತು. ಪಾಕಿಸ್ತಾನ ಹಿಂದೆ ಸರಿದುದರಿಂದ ಒಮಾನ್ ತಂಡಕ್ಕೆ ಅವಕಾಶ ದೊರೆಯಿತು. ಜರ್ಮನಿ ಮತ್ತು ಸ್ಪೇನ್ ನಡುವಣ ಫೈನಲ್ 1–1ರಲ್ಲಿ ಸಮವಾಗಿ, ಶೂಟೌಟ್‌ನಲ್ಲಿ ಜರ್ಮನಿ 3–2ರಿಂದ ಗೆದ್ದಿತು.

## ಭಾರತದ ಸಾಧನೆ

ಭಾರತವು ಈ ಪಂದ್ಯಾವಳಿಯಲ್ಲಿ 2 ಚಿನ್ನ, 1 ಬೆಳ್ಳಿ ಮತ್ತು 1 ಕಂಚಿನ ಪದಕ ಗಳಿಸಿದೆ. ಮೊದಲ ಪದಕ ಬಂದದ್ದು 1997ರಲ್ಲಿ. ಮಿಲ್ಟನ್ ಕೀನ್ಸ್‌ನ ಫೈನಲ್‌ನಲ್ಲಿ ಭಾರತ 2–3ರಿಂದ ಆಸ್ಟ್ರೇಲಿಯಕ್ಕೆ ಸೋತು ಬೆಳ್ಳಿಗೆ ತೃಪ್ತಿಪಟ್ಟಿತು.

2001: ಗಗನ್ ಅಜಿತ್ ಸಿಂಗ್ ನಾಯಕತ್ವದ ತಂಡವು ಹೋಬಾರ್ಟ್‌ನಲ್ಲಿ ಅರ್ಜೆಂಟೀನವನ್ನು 6–1ರಿಂದ ಸೋಲಿಸಿ ಮೊದಲ ಪ್ರಶಸ್ತಿ ತಂದಿತು. ದೀಪಕ್ ಠಾಕೂರ್ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಗಳಿಸಿದರು. ಪೆನಾಲ್ಟಿ ಕಾರ್ನರ್ ಪರಿಣತ ಜುಗರಾಜ್ ಸಿಂಗ್ ಕೂಡ ಈ ತಂಡದಲ್ಲಿದ್ದರು.

2005–2013: ರಾಟರ್‌ಡ್ಯಾಮ್‌ನಲ್ಲಿ ಕಂಚಿನ ಪದಕದ ಪಂದ್ಯವನ್ನು ಭಾರತ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸ್ಪೇನ್‌ಗೆ ಕಳೆದುಕೊಂಡಿತು. 2009ರಲ್ಲಿ 9ನೆಯ ಸ್ಥಾನಕ್ಕೆ ಕುಸಿಯಿತು. 2013ರಲ್ಲಿ ತವರಿನ ದೆಹಲಿಯಲ್ಲಿಯೇ ದಕ್ಷಿಣ ಕೊರಿಯಾ ವಿರುದ್ಧ 3–3ರಿಂದ ಡ್ರಾ ಮಾಡಿಕೊಂಡು ಕ್ವಾರ್ಟರ್‌ಫೈನಲ್ ಅವಕಾಶ ತಪ್ಪಿಸಿಕೊಂಡಿತು. ಕೊನೆಗೆ ದೊರೆತದ್ದು 10ನೆಯ ಸ್ಥಾನ.

2016: ಹರೇಂದ್ರ ಸಿಂಗ್ ತರಬೇತಿ ಮತ್ತು ಹರ್ಜೀತ್ ಸಿಂಗ್ ನಾಯಕತ್ವದಲ್ಲಿ ಆಡಿದ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಕೆನಡಾ, ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕ ತಂಡಗಳನ್ನು ಗುಂಪು ಹಂತದಲ್ಲಿ ಮಣಿಸಿತು. ಕ್ವಾರ್ಟರ್‌ಫೈನಲ್‌ನಲ್ಲಿ ಸ್ಪೇನ್ ಎದುರು ಹಿನ್ನಡೆಯಲ್ಲಿದ್ದ ತಂಡವು ಕೊನೆಯ ಹಂತದಲ್ಲಿ ಎರಡು ಗೋಲು ಗಳಿಸಿ 2–1ರಿಂದ ಪಾರಾಯಿತು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯ ವಿರುದ್ಧ ಪಂದ್ಯ 2–2ರಲ್ಲಿ ಸಮವಾದಾಗ ಗೋಲ್‌ಕೀಪರ್ ವಿಕಾಸ್ ದಹಿಯಾ ಅವರ ತಡೆಗಳು ಶೂಟೌಟ್‌ನಲ್ಲಿ 4–2ರ ಗೆಲುವಿಗೆ ಕಾರಣವಾದವು. ಡಿಸೆಂಬರ್ 18ರಂದು ನಡೆದ ಫೈನಲ್‌ನಲ್ಲಿ ಗುರ್ಜಂತ್ ಸಿಂಗ್ ಮತ್ತು ಸಿಮ್ರನ್‌ಜೀತ್ ಸಿಂಗ್ ಮೊದಲಾರ್ಧದಲ್ಲಿಯೇ ತಲಾ ಒಂದು ಗೋಲು ಹೊಡೆದರು. ಬೆಲ್ಜಿಯಂ ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್ ಮೂಲಕ ಒಂದು ಗೋಲು ಗಳಿಸಿದರೂ ಭಾರತ 2–1ರಿಂದ ಜಯ ಸಾಧಿಸಿತು.

2021 ಮತ್ತು 2023: ಹಾಲಿ ಚಾಂಪಿಯನ್ ಆಗಿ ಭುವನೇಶ್ವರದಲ್ಲಿ ಕಣಕ್ಕಿಳಿದ ಭಾರತ ಮೊದಲ ಪಂದ್ಯದಲ್ಲೇ ಫ್ರಾನ್ಸ್‌ಗೆ 4–5ರಿಂದ ಸೋತಿತು. ಬಳಿಕ ಚೇತರಿಸಿಕೊಂಡು ಸೆಮಿಫೈನಲ್ ತಲುಪಿತಾದರೂ ಜರ್ಮನಿಗೆ ಮಣಿಯಿತು. ಕಂಚಿನ ಪಂದ್ಯದಲ್ಲಿ ಮತ್ತೆ ಫ್ರಾನ್ಸ್ ಎದುರಾಗಿ 1–3ರಿಂದ ಸೋತಿತು. ಫ್ರಾನ್ಸ್‌ನ ತಿಮೋತೆ ಕ್ಲೆಮಾಂ ಭಾರತದ ವಿರುದ್ಧದ ಎರಡೂ ಪಂದ್ಯಗಳಲ್ಲಿ ಹ್ಯಾಟ್ರಿಕ್ ಸಾಧಿಸಿದರು. 2023ರಲ್ಲಿಯೂ ಭಾರತ ಸೆಮಿಫೈನಲ್‌ನಲ್ಲಿ ಜರ್ಮನಿಗೂ ಕಂಚಿನ ಪಂದ್ಯದಲ್ಲಿ ಸ್ಪೇನ್‌ಗೂ ಸೋತು 4ನೆಯ ಸ್ಥಾನದಲ್ಲಿ ಉಳಿಯಿತು.

2025: ಭಾರತದ ಹಿರಿಯ ಗೋಲ್‌ಕೀಪರ್ ಆಗಿದ್ದ ಪಿ.ಆರ್. ಶ್ರೀಜೇಶ್ ತರಬೇತುದಾರರಾಗಿದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧ ಶೂಟೌಟ್‌ನಲ್ಲಿ ಗೆದ್ದ ತಂಡ, ಸೆಮಿಫೈನಲ್‌ನಲ್ಲಿ ಜರ್ಮನಿಗೆ 1–5ರಿಂದ ಸೋತಿತು. ಕಂಚಿನ ಪಂದ್ಯದಲ್ಲಿ ಅರ್ಜೆಂಟೀನ ಎದುರು 0–2ರಿಂದ ಹಿಂದಿದ್ದ ಭಾರತ ಕೊನೆಯ ಅವಧಿಯಲ್ಲಿ ನಾಲ್ಕು ಗೋಲು ಗಳಿಸಿ 4–2ರಿಂದ ಗೆದ್ದಿತು. ಹಿಂದಿನ ಎರಡು ಆವೃತ್ತಿಗಳಲ್ಲಿ ಕೈತಪ್ಪಿದ್ದ ಪದಕ ಹೀಗೆ ದೊರೆಯಿತು.

## ಕರ್ನಾಟಕದ ನಂಟು

ಕರ್ನಾಟಕದಲ್ಲಿ ಹಾಕಿ ಆಟಗಾರರ ತವರೆಂದು ಕೊಡಗು ಪ್ರಸಿದ್ಧವಾಗಿದೆ. ಅಲ್ಲಿ 1997ರಿಂದ ನಡೆದುಬಂದಿರುವ ಕೊಡವ ಕುಟುಂಬಗಳ ಹಾಕಿ ಹಬ್ಬ ಮತ್ತು ಕೂಡಿಗೆಯ ಕ್ರೀಡಾ ಶಾಲೆ ಎಳೆಯರಲ್ಲಿ ಆಟದ ಆಸಕ್ತಿ ಬೆಳೆಸಿವೆ. ಕೊಡಗಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ 2001ರ ಚಾಂಪಿಯನ್ ತಂಡದ ಸದಸ್ಯರಾಗಿದ್ದರು. ಮುಂದೆ ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದರು. 2023ರ ತಂಡದಲ್ಲಿ ಸಿ.ಬಿ. ಪೂವಣ್ಣ ಹಾಗೂ 2025ರ ತಂಡದಲ್ಲಿ ಸುನಿಲ್ ಪಾಲಾಕ್ಷಪ್ಪ ಬೆನ್ನೂರ್ ಕರ್ನಾಟಕದಿಂದ ಸ್ಥಾನ ಪಡೆದಿದ್ದರು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಭಾರತ ಕಿರಿಯರ ತಂಡದ ತರಬೇತಿ ಶಿಬಿರಗಳು ನಡೆಯುತ್ತವೆ.

## ಹಿರಿಯರ ತಂಡಕ್ಕೆ ಮೆಟ್ಟಿಲು

ಜೂನಿಯರ್ ವಿಶ್ವಕಪ್‌ನ ಫಲಿತಾಂಶವು ಒಂದು ದೇಶದ ಮುಂದಿನ ಸಾಧನೆಯನ್ನು ಕೆಲವೊಮ್ಮೆ ಸೂಚಿಸುತ್ತದೆ. 2013ರ ಜರ್ಮನಿ ತಂಡದ ಕ್ರಿಸ್ಟೊಫರ್ ರೂರ್ ಹತ್ತು ವರ್ಷಗಳ ನಂತರ, 2023ರಲ್ಲಿ ಹಿರಿಯರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. 2013ರ ರನ್ನರ್‌ಅಪ್ ಫ್ರಾನ್ಸ್ 2018ರ ಹಿರಿಯರ ವಿಶ್ವಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿತು. ಆದರೆ ಕಿರಿಯರ ಪ್ರಶಸ್ತಿಯು ಹಿರಿಯರ ಯಶಸ್ಸಿಗೆ ಖಾತರಿಯಲ್ಲ. ಭಾರತದ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ.

2001ರ ಚಾಂಪಿಯನ್ ತಂಡದ ಹಲವರು ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದರೂ ಭಾರತಕ್ಕೆ ದೊರೆತದ್ದು 7ನೆಯ ಸ್ಥಾನ. ಜುಗರಾಜ್ ಸಿಂಗ್ 2003ರಲ್ಲಿ ರಸ್ತೆ ಅಪಘಾತಕ್ಕೆ ಒಳಗಾಗಿ ಆ ಕೂಟದಿಂದ ವಂಚಿತರಾದರು. ಹೋಬಾರ್ಟ್ ಗೆಲುವಿನ 7 ವರ್ಷಗಳೊಳಗೆ, 2008ರಲ್ಲಿ, ಭಾರತವು 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ವಿಫಲವಾಯಿತು.

2016ರ ತಂಡದ ವಿಷಯದಲ್ಲಿ ಇದಕ್ಕೆ ವ್ಯತಿರಿಕ್ತವಾದ ಬೆಳವಣಿಗೆ ಕಂಡುಬಂತು. ಹರ್ಮನ್‌ಪ್ರೀತ್ ಸಿಂಗ್, ಮನ್‌ದೀಪ್ ಸಿಂಗ್, ವರುಣ್ ಕುಮಾರ್, ಸುಮಿತ್, ನೀಲಕಂಠ ಶರ್ಮ, ಗುರ್ಜಂತ್ ಸಿಂಗ್ ಮತ್ತು ಸಿಮ್ರನ್‌ಜೀತ್ ಸಿಂಗ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 41 ವರ್ಷಗಳ ನಂತರ ಹಾಕಿ ಪದಕ ತಂದ ತಂಡದಲ್ಲಿದ್ದರು. ಜರ್ಮನಿ ವಿರುದ್ಧ 5–4ರಿಂದ ಗೆದ್ದ ಕಂಚಿನ ಪಂದ್ಯದಲ್ಲಿ ಸಿಮ್ರನ್‌ಜೀತ್ ಎರಡು ಗೋಲು ಗಳಿಸಿದರು. ಹರ್ಮನ್‌ಪ್ರೀತ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಂಡದ ನಾಯಕರಾಗಿ ಮತ್ತೊಂದು ಕಂಚು ತಂದರು.

ವೈಯಕ್ತಿಕವಾಗಿ ನೋಡಿದರೆ ಈ ಅಂತರ ಇನ್ನೂ ಎದ್ದುಕಾಣುತ್ತದೆ. ಲಖನೌದಲ್ಲಿ ಟ್ರೋಫಿ ಎತ್ತಿಹಿಡಿದ ನಾಯಕ ಹರ್ಜೀತ್ ಸಿಂಗ್‌ಗೆ ಟೋಕಿಯೊ ತಂಡದಲ್ಲಿ ಸ್ಥಾನ ದೊರೆಯಲಿಲ್ಲ. ಅವರ ಜೀವನವನ್ನು ಆಧರಿಸಿದ ಪಂಜಾಬಿ ಚಲನಚಿತ್ರ *ಹರ್ಜೀತಾ* 2018ರಲ್ಲಿ ಬಿಡುಗಡೆಯಾಯಿತು. ಟೋಕಿಯೊದಲ್ಲಿ ಕಂಚು ಗೆದ್ದ ತಂಡದ ನಾಯಕ ಮನ್‌ಪ್ರೀತ್ ಸಿಂಗ್. 2013ರಲ್ಲಿ ದೆಹಲಿಯಲ್ಲಿ 10ನೆಯ ಸ್ಥಾನ ಪಡೆದ ಕಿರಿಯರ ತಂಡವನ್ನು ಮುನ್ನಡೆಸಿದ್ದವರೂ ಅವರೇ.